ವಿಷಯ: ಸೈಬರ್ ‘ಥ್ರೆಟ್’ಗೆ ಬೆದರಿಕೆ ಸಾಕೇ? (ಬ್ಯಾನರಿಗೆ ಇವತ್ತೇ ಬೇಕು)

ಉಡುಪಿಯಿಂದ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಸಹಕಾರಿ ಬ್ಯಾಂಕುಗಳ ಸಿಬ್ಬಂದಿಗೆ ಸೈಬರ್ ಭದ್ರತೆಯ ತರಬೇತಿ ಉಂಟು. ಅದರ ಬ್ಯಾನರ್, ಕೈಪಿಡಿ ಎರಡನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಬಿಮ್‌ಸ್ಟೆಕ್‌ನ (ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟ) 7 ದೇಶಗಳು ಒಟ್ಟಾಗಿ ಸಜ್ಜಾಗುವುದು ಹೇಗೆ ಎಂಬುದು ಒಂದು ಗೋಷ್ಠಿಯ ವಿಷಯ. ಫ್ಲೆಕ್ಸಿನವರು ಸಂಜೆ 4ರೊಳಗೆ ಮ್ಯಾಟರ್ ಕೇಳಿದ್ದಾರೆ. ಈಗಿರುವುದು: “ನೆರೆ ರಾಷ್ಟ್ರಗಳ ಸೈಬರ್ ಬೆದರಿಕೆ ಮತ್ತು ಪ್ರಾದೇಶಿಕ ಸಾಮರ್ಥ್ಯ ವರ್ಧನೆ”. ‘ಬೆದರಿಕೆ’ ಸರಿಯೇ? ಕೈಪಿಡಿಯಲ್ಲಿ ಥ್ರೆಟ್, ವಲ್ನರಬಿಲಿಟಿ, ರಿಸ್ಕ್ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಕರಡಿನಲ್ಲಿ ಮೂರಕ್ಕೂ ‘ಅಪಾಯ’ ಎಂದೇ ಉಂಟು. ಕಂಪ್ಯೂಟರಿನ ‘ಪೋರ್ಟ್ 3389’ ಮುಚ್ಚಿ ಎಂಬುದಕ್ಕೆ ಯಂತ್ರಾನುವಾದವಂತೂ “ಬಂದರು 3389 ಅನ್ನು ಮುಚ್ಚಿ” ಎಂದಿದೆ. ಮಂಗಳೂರಿನವರು ಓದಿದರೆ ಏನು ಗತಿ!

ಕದ್ರಿಯಿಂದ, 10.15

ಬೆದರಿಕೆಯ ಮಾತು ಆಮೇಲೆ, ಮೊದಲು ಆ ಷಷ್ಠಿ ವಿಭಕ್ತಿ (‘ರಾಷ್ಟ್ರಗಳ’) ತೆಗೆಯಿರಿ. “ನೆರೆ ರಾಷ್ಟ್ರಗಳ ಬೆದರಿಕೆ” ಎಂದರೆ ಬೆದರಿಸುವವರು ನೆರೆಯವರು ಎಂದೇ ಆಯಿತು. ಜೊತೆಗೂಡಿ ಎದುರಿಸುವ ಗೋಷ್ಠಿಗೆ ಆರೋಪಪಟ್ಟಿಯ ಬ್ಯಾನರ್! ಬರೀ ‘ನೆರೆ’ ಎಂದರೆ ಮಳೆಗಾಲದಲ್ಲಿ ಬೇರೆಯೇ ಅರ್ಥ, ‘ನೆರೆಹೊರೆ’ ಹಾಕಿ.

ಮೂರು ಪದ ಬೇರೆ ಮಾಡಲು 2016ರ ಫೆಬ್ರವರಿಯ ಬಾಂಗ್ಲಾದೇಶ ಬ್ಯಾಂಕ್ ಪ್ರಕರಣವನ್ನೇ ಇಟ್ಟುಕೊಳ್ಳಿ. ಆ ದೇಶದ ಕೇಂದ್ರ ಬ್ಯಾಂಕಿನ ಹೆಸರಲ್ಲಿ ನ್ಯೂಯಾರ್ಕ್ ಫೆಡರಲ್ ರಿಸರ್ವ್‌ಗೆ ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಮೂಲಕ ಹಣ ಕಳಿಸುವ 35 ನಕಲಿ ಆದೇಶ ಹೋದವು, ಒಟ್ಟು 95.1 ಕೋಟಿ ಡಾಲರಿನವು. ಹೊಂಚುಹಾಕಿದ ತಂಡ, ಅದರ ಕುತಂತ್ರಾಂಶ: ಇದು ಥ್ರೆಟ್. ಫೈರ್‌ವಾಲ್ ಎಂಬ ತಡೆಗೋಡೆ ಇಲ್ಲದ ಜಾಲ, ಕಂಪ್ಯೂಟರುಗಳನ್ನು ಜೋಡಿಸುವ ಅಗ್ಗದ ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳು (ಅಲ್ಲಿನ ತನಿಖೆಯವರೇ ಹೇಳಿದ್ದು): ಇದು ವಲ್ನರಬಿಲಿಟಿ. ಗುರುವಾರ ರಾತ್ರಿ ಕೈಯಿಟ್ಟರೆ ಶುಕ್ರ, ಶನಿ ಢಾಕಾದಲ್ಲಿ ರಜೆ, ಆಮೇಲೆ ನ್ಯೂಯಾರ್ಕಿನ ವಾರಾಂತ್ಯ, ಸೋಮವಾರ ಹಣ ಸೇರುವ ಮನಿಲಾದಲ್ಲಿ ಚಾಂದ್ರಮಾನ ಹೊಸವರ್ಷ. ಅಷ್ಟು ಹೊತ್ತು ಕೇಳುವವರಿಲ್ಲದೆ ಎಷ್ಟು ಹಣ ಹೋದೀತು ಎಂಬ ಲೆಕ್ಕ ರಿಸ್ಕ್. ಮೂರಕ್ಕೂ ‘ಅಪಾಯ’ ಎಂದರೆ ಯಾವುದನ್ನು ಸರಿಮಾಡಬೇಕೆಂದೇ ಓದುಗನಿಗೆ ತಿಳಿಯದು. ತಂಡವನ್ನು ನೀವು ತಡೆಯಲಾರಿರಿ, ಸ್ವಿಚ್ ಬದಲಿಸಬಲ್ಲಿರಿ.

8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ಸೇರಿತು. ಶ್ರೀಲಂಕಾಕ್ಕೆ ಹೊರಟ 2 ಕೋಟಿ ನಿಂತದ್ದು ‘ಫೌಂಡೇಶನ್’ ಬದಲು ‘ಫ್ಯಾಂಡೇಶನ್’ ಎಂದು ಬರೆದದ್ದರಿಂದ. ಕಾಗುಣಿತ ಯಾಕೆ ಎನ್ನುವವರಿಗೆ ತೋರಿಸಿ.

ಕುಂದಾಪುರದಿಂದ, 11.05

‘ಬೆದರಿಕೆ’ ಬೇಡ. ಧಾತು ಬೆದರು, ಬೆದರಲು ಎದುರಿಗೆ ಏನಾದರೂ ಕಾಣಬೇಕು. ಕಾಗೆಗೆ ಕಾಣದಿದ್ದರೆ ಬೆದರುಬೊಂಬೆ ಬರೀ ಹುಲ್ಲು. ಸದ್ದಿಲ್ಲದೆ ನುಗ್ಗುವವನು ಯಾರನ್ನು ಬೆದರಿಸುತ್ತಾನೆ? ‘ಕುತ್ತು’ ಎನ್ನಿ. ವಲ್ನರಬಿಲಿಟಿಗೆ ‘ಕಿಂಡಿ’. ಭದ್ರತೆ ಯಾಕೆ, ‘ಕಾಪು’ ಇಲ್ಲವೇ? ‘ಸೈಬರ್’ ಕೂಡ ಬೇಕಿಲ್ಲ: ಅದರ ಗ್ರೀಕ್ ಮೂಲದಲ್ಲಿರುವವನು ಹಡಗು ನಡೆಸುವವನು. ನಮ್ಮದೇ ‘ಚುಕ್ಕಾಣಿ’ ಇರುವಾಗ ಗ್ರೀಕರ ಹತ್ತಿರ ಸಾಲ ಯಾಕೆ?

ಸುರತ್ಕಲ್‌ನಿಂದ, 11.20

‘ಸೈಬರ್ ಕಾಪು’ ಎಂದರೆ ಜನ ಕಾಪು ಊರಿನ ಲೈಟ್‌ಹೌಸ್ ನೋಡಲು ಬಸ್ ಹಿಡಿಯುತ್ತಾರೆ. ‘ಚುಕ್ಕಾಣಿ’ ಅರಬ್ಬಿಯ ಸುಕ್ಕಾನ್. ನಿಮ್ಮ ಶುದ್ಧ ಕನ್ನಡ ಅಳಿವೆ ದಾಟುವ ಮೊದಲೇ ಮುಳುಗಿತು.

ಕಿಂಡಿಯೂ ಹೊಂದದು. ಕಿಂಡಿ ಅಣೆಕಟ್ಟಿನ ಕಿಂಡಿ ಬೇಕೆಂದೇ ಇಟ್ಟದ್ದು: ಮಳೆ ಕಳೆದ ಮೇಲೆ ಹಲಗೆ ಹಾಕುತ್ತಾರೆ, ಮಳೆಗೆ ಮೊದಲು ತೆಗೆಯುತ್ತಾರೆ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವಂಥದ್ದು, ಅಂದರೆ ಪೋರ್ಟ್. “ಕಿಂಡಿ 3389 ಮುಚ್ಚಿ” ಎಂದು ಧೈರ್ಯವಾಗಿ ಬರೆಯಿರಿ. ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ದಾರಿ ಅದು. ಅಂತರ್ಜಾಲಕ್ಕೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುತ್ತ ಕೂರುವವರು ಹಗಲೂ ರಾತ್ರಿ ಬಾಗಿಲು ಬಡಿಯುತ್ತಾರೆ. ವಲ್ನರಬಿಲಿಟಿ ಎಂದರೆ ಹಲಗೆಯ ಸಂದಿನಲ್ಲಿ ಯಾರಿಗೂ ತಿಳಿಯದೆ ಬಿಟ್ಟ ‘ಬಿರುಕು’.

ಕುಂದಾಪುರದಿಂದ, 11.50

ಕನಕನ ಕಿಂಡಿಯನ್ನು ಬೇಕೆಂದು ಇಟ್ಟವರು ಯಾರು ಸ್ವಾಮಿ? ಗೋಡೆ ಬಿರಿದದ್ದಲ್ಲವೇ?

ಸುರತ್ಕಲ್‌ನಿಂದ, 11.52

ಅದು ಐತಿಹ್ಯ. ಕೈಪಿಡಿಗೆ ಬೇಡ.

ಉಡುಪಿಯಿಂದ, 12.30

ಪೋರ್ಟ್‌ಗೆ ಕಿಂಡಿ, ವಲ್ನರಬಿಲಿಟಿಗೆ ಬಿರುಕು ತೆಗೆದುಕೊಂಡೆ. ಇನ್ನೆರಡು ಉಂಟು. ಮಾಹಿತಿ ಹಂಚುವಾಗ ಅದನ್ನು ಯಾರ್ಯಾರಿಗೆ ತೋರಿಸಬಹುದೆಂದು ಹಾಕುವ ಟ್ರಾಫಿಕ್ ಲೈಟ್ ಗುರುತುಗಳಲ್ಲಿ ‘ಅಂಬರ್’ಗೆ ಹಳದಿಯೋ ಕಿತ್ತಳೆಯೋ? ಮತ್ತೆ, “ಘಟನೆ ನಡೆದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು” ಸರಿಯೇ? (ಸರ್ಟ್-ಇನ್ ಎಂದರೆ ಸೈಬರ್ ಘಟನೆಗಳನ್ನು ನೋಡುವ ಕೇಂದ್ರ ಸರ್ಕಾರದ ಸಂಸ್ಥೆ.)

ಕದ್ರಿಯಿಂದ, 12.55

ಯಾವ ಬಣ್ಣವೂ ಬೇಡ. ಆ ಗುರುತುಗಳ 2.0 ಆವೃತ್ತಿಯಲ್ಲೇ (2022) ಸ್ಪಷ್ಟವಾಗಿದೆ: ವಿವರಣೆಯನ್ನು ಅನುವಾದಿಸಬಹುದು, ಗುರುತನ್ನು ಕೂಡದು. ಥಿಂಫುವಿನವರು ಒಂದು ಬಣ್ಣ, ನೀವು ಇನ್ನೊಂದು ಬಣ್ಣ ಬರೆದರೆ ಗುಟ್ಟಿನ ಕಾಗದ ಊರೆಲ್ಲ ಸುತ್ತೀತು. ‘ವೈಟ್’ ಹೋಗಿ ‘ಕ್ಲಿಯರ್’ ಬಂದಿದೆ, ಹಳೆ ಕರಡಿನಲ್ಲಿದ್ದರೆ ತಿದ್ದಿ.

6 ಗಂಟೆಯ ವಾಕ್ಯ ತಪ್ಪು. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲೆಕ್ಕ ಶುರುವಾಗುವುದು ಘಟನೆ ನಡೆದಾಗಲ್ಲ, ಗಮನಕ್ಕೆ ಬಂದಾಗ. ಕಳ್ಳ ಹೊಕ್ಕು ತಿಂಗಳಾದ ಮೇಲೆ ತಿಳಿಯುವುದೇ ಹೆಚ್ಚು. ನಿಮ್ಮ ವಾಕ್ಯದ ಪ್ರಕಾರ ಆಗಲೇ ಗಡುವು ಮುಗಿದಿರುತ್ತದೆ, ಹೆದರಿ ಮುಚ್ಚಿಡುತ್ತಾರೆ. “ಗಮನಕ್ಕೆ ಬಂದ 6 ಗಂಟೆಯೊಳಗೆ” ಎಂದು ಹಾಕಿ. ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ನಡೆದದ್ದರ ತಾನಾಗಿ ಉಳಿಯುವ ದಾಖಲೆ) 180 ದಿನ ಇಡಬೇಕೆಂಬುದೂ ಅದರಲ್ಲೇ ಇದೆ. ಲಾಗ್ ಎಂದೇ ಬರೆಯಿರಿ, ‘ದಿನಚರಿ’ ಮಾಡಬೇಡಿ.

ಜಂಟಿ ಅಭ್ಯಾಸದ ಪುಟದಲ್ಲಿ ಹೊತ್ತು ಬರೆದಲ್ಲೆಲ್ಲ ಯಾವ ದೇಶದ್ದೆಂದು ಇರಲಿ. ನೇಪಾಳ ನಮಗಿಂತ 15 ನಿಮಿಷ ಮುಂದೆ, ಬಾಂಗ್ಲಾದೇಶ ಮತ್ತು ಭೂತಾನ್ ಅರ್ಧ ಗಂಟೆ, ಮ್ಯಾನ್ಮಾರ್ 1 ಗಂಟೆ, ಥಾಯ್ಲೆಂಡ್ ಒಂದೂವರೆ. ಇದನ್ನು ಬಿಟ್ಟರೆ ದಾಳಿಯ ಹಿಂದುಮುಂದು ತಪ್ಪಿ, ಪರಿಣಾಮವೇ ಕಾರಣವಾಗಿ ಕಾಣುತ್ತದೆ.

ಕುಂದಾಪುರದಿಂದ, 2.10

‘ಸಾಮರ್ಥ್ಯ ವರ್ಧನೆ’ಯನ್ನು ಯಾರೂ ಮುಟ್ಟಲಿಲ್ಲ. ಇದ್ದದ್ದು ಬೆಳೆಯುವುದು ವರ್ಧನೆ, ಇಲ್ಲದ್ದನ್ನು ಕಟ್ಟಬೇಕು. ‘ಕಸುವು ಕಟ್ಟುವುದು’.

ಸುರತ್ಕಲ್‌ನಿಂದ, 2.14

ಜಿಮ್ಮಿನ ಬೋರ್ಡಿಗೆ ಚೆನ್ನಾಗಿದೆ.

ಉಡುಪಿಯಿಂದ, 3.35

ಬ್ಯಾನರಿಗೆ ಕೊಟ್ಟದ್ದು: “ಸೈಬರ್ ದಾಳಿ ಎದುರಿಸಲು ನೆರೆಹೊರೆಯ ದೇಶಗಳ ಜಂಟಿ ತಯಾರಿ”. ಥ್ರೆಟ್ ಅಲ್ಲಿ ಬೇಕಾಗಲೇ ಇಲ್ಲ. ಕೈಪಿಡಿಯಲ್ಲಿ ಥ್ರೆಟ್‌ಗೆ ಬೆದರಿಕೆ, ಮೊದಲ ಸಲ ಬಂದಲ್ಲಿ ವಿವರಣೆ. ರಿಸ್ಕ್‌ಗೆ ‘ನಷ್ಟಸಂಭವ’.

ಕುಂದಾಪುರದಿಂದ, 4.20

‘ತಯಾರಿ’ ಅರಬ್ಬಿ-ಫಾರಸಿ ಕಡೆಯದು. ‘ಅಣಿ’ ಎಂಬ ಮಾತು ಯಾರಿಗೂ ನೆನಪಾಗಲಿಲ್ಲವೇ?

ಉಡುಪಿಯಿಂದ, 4.25

ಪ್ರಿಂಟಿಗೆ ಹೋಯಿತು ಮಾರಾಯ್ರೆ. ಕೈಪಿಡಿಯ ಎರಡನೇ ಪ್ರೂಫ್ ನಾಳೆ ಮಧ್ಯಾಹ್ನದವರೆಗೆ ನನ್ನಲ್ಲಿರುತ್ತದೆ, ಅಲ್ಲಿ ನೋಡುವ.