ಅಪ್ಪನಿಗೆ ಕ್ರಿಯಾಟಿನಿನ್ 1.9, ಗುರುವಾರ ಕಿಡ್ನಿ ಡಾಕ್ಟರ್ ಹತ್ರ ಹೋಗಬೇಕು. ಏನೇನು ತಗೊಂಡು ಹೋಗಲಿ?

ರಾಜಾಜಿನಗರದಿಂದ:
ಅಪ್ಪನಿಗೆ 62 ವರ್ಷ. ಶುಗರ್ ಬಂದು 15 ವರ್ಷ ಆಯ್ತು. ಹೋದ ವಾರ ಟೆಸ್ಟ್ ಮಾಡಿಸಿದರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 1.9, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಅಂದಾಜು ಪ್ರಮಾಣ) 39 ಅಂತ ಬಂತು. ನೆಫ್ರಾಲಜಿಸ್ಟ್‌ಗೆ ತೋರಿಸಿ ಅಂದರು. ಮೂತ್ರ ಚೆನ್ನಾಗೇ ಹೋಗುತ್ತೆ, ನೋವಿಲ್ಲ, ಸಂಜೆ ಹೊತ್ತಿಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಬೀಳುತ್ತೆ ಅಷ್ಟೇ. ಡಯಾಲಿಸಿಸ್ ಅಂದುಬಿಟ್ಟರೆ ಅಂತ ಅಮ್ಮನಿಗೆ ನಿದ್ದೆ ಇಲ್ಲ.

ಬನಶಂಕರಿಯಿಂದ:
ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಬರುವುದು ಇಜಿಎಫ್‌ಆರ್ 15ಕ್ಕಿಂತ ಕೆಳಗೆ ಇಳಿದ ಮೇಲೆ, ಅದೂ ಬರೀ ನಂಬರ್ ನೋಡಿ ಅಲ್ಲ. ಹಳೇ ರಿಪೋರ್ಟ್ ಎಲ್ಲಾ ಹುಡುಕಿ, ಯಾಕಂದ್ರೆ ಎರಡು ವರ್ಷದ ಹಿಂದೆಯೂ 1.8 ಇದ್ದದ್ದು ಬೇರೆ, 1.1 ಇದ್ದದ್ದು ಈಗ ಏರಿದ್ದು ಬೇರೆ. ಮೂರು ತಿಂಗಳಿಗಿಂತ ಜಾಸ್ತಿ ಹೀಗೇ ಇದ್ದರೆ ಮಾತ್ರ ದೀರ್ಘಕಾಲದ ಕಾಯಿಲೆ ಅನ್ನುತ್ತಾರೆ. ಮೂತ್ರ ಸರಾಗವಾಗಿ ಹೋದರೂ ಅದರಲ್ಲಿ ಪ್ರೋಟೀನ್ ಸೋರುತ್ತಿರಬಹುದು, ನೊರೆ ಬರುತ್ತಾ ಅಂತ ಅಪ್ಪನನ್ನು ಕೇಳಿ. ಆ ಪ್ರೋಟೀನ್ ನೋಡುವ ಅಲ್ಬುಮಿನ್ ಟೆಸ್ಟ್ ಆಗಿಲ್ಲದಿದ್ದರೆ ಡಾಕ್ಟರ್ ಬರೆದೇ ಬರೆಯುತ್ತಾರೆ, ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೇದು. ಗುರುವಾರದವರೆಗೆ ದಿನಾ ಎರಡು ಹೊತ್ತು ಬಿಪಿ ಬರೆದಿಡಿ. ಹಿಂದಿನ ರಾತ್ರಿ ಮಟನ್ ಬೇಡ, ಅದರಿಂದಲೂ ಕ್ರಿಯಾಟಿನಿನ್ ಏರುತ್ತೆ.

ಮಲ್ಲೇಶ್ವರದಿಂದ:
ಮಾತ್ರೆ ಹೆಸರು ಬರೆದುಕೊಂಡು ಹೋಗಬೇಡಿ, ಮಾತ್ರೆಗಳನ್ನೇ ಕವರಿಗೆ ಹಾಕಿಕೊಂಡು ಹೋಗಿ. ನಮ್ಮ ಅತ್ತೆ ಬಿಪಿದು, ಶುಗರ್‌ದು ಎಲ್ಲಾ ಒಪ್ಪಿಸಿದರು. ಡಾಕ್ಟರ್ ಕವರ್ ಮೇಜಿನ ಮೇಲೆ ಸುರಿದಾಗ ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ತಗೊಂಡಿದ್ದ ಡೈಕ್ಲೋಫೆನಾಕ್ ಶೀಟು ಬಿತ್ತು, ಅರ್ಧ ಖಾಲಿ. ದಿನಾ ಒಂದು ನುಂಗುತ್ತಿದ್ದರಂತೆ! ಕಿಡ್ನಿಗೆ ಅದು ನಿಜವಾಗಲೂ ಕೆಟ್ಟದ್ದು. ಚೂರ್ಣ, ಭಸ್ಮ, ಕಷಾಯ ಇದ್ದರೆ ಅದನ್ನೂ ತೋರಿಸಿ. ಆದರೆ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಚಾಮರಾಜಪೇಟೆಯಿಂದ:
ಖರ್ಚಿನ ಯೋಚನೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಕೆ.ಆರ್. ಮಾರ್ಕೆಟ್ ಮೆಟ್ರೋದಿಂದ ನಡೆದು ಹೋಗಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ವಿಡಿಯೋ ನೋಡಿ ಪಥ್ಯ ಶುರು ಮಾಡಬೇಡಿ. ಕಿಡ್ನಿಗೆ ಎಳನೀರು ಒಳ್ಳೇದು ಅಂತ ನಾವು ಸುಮ್ನೆ ಕುಡಿಸುತ್ತೇವೆ ಅಲ್ವಾ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲೂ ಅಷ್ಟೇ. ರಕ್ತದ ಪೊಟ್ಯಾಶಿಯಂ ನೋಡಿ ಡಾಕ್ಟರ್ ಹೇಳುವವರೆಗೆ ಎರಡೂ ಬೇಡ. ಉಪ್ಪಿನಕಾಯಿ, ಹಪ್ಪಳ ಮಾತ್ರ ಇವತ್ತೇ ನಿಲ್ಲಿಸಬಹುದು.

ರಾಜಾಜಿನಗರದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀರುವಿನಲ್ಲಿ 2022ರ ರಿಪೋರ್ಟ್ ಸಿಕ್ಕಿತು, ಆಗ 1.3 ಇತ್ತು. ದೇವರ ಮನೆ ಶೆಲ್ಫಿನಲ್ಲಿ ಲೇಬಲ್ ಇಲ್ಲದ ಚೂರ್ಣದ ಡಬ್ಬಿ ಇತ್ತು, ಶುಗರ್‌ಗೆ ಅಂತ ಒಂದು ವರ್ಷದಿಂದ ತಗೊಳ್ಳುತ್ತಿದ್ದಾರಂತೆ, ಅಮ್ಮನಿಗೂ ಗೊತ್ತಿರಲಿಲ್ಲ. ಡಬ್ಬಿಯನ್ನೂ ಕವರಿಗೆ ಹಾಕಿದ್ದೇನೆ.