ಒಬ್ಬರ ಅನಾರೋಗ್ಯ, ಇನ್ನೊಬ್ಬರ ಮುಖ್ಯಮಂತ್ರಿಗಿರಿ

ಪೋಷಕ ನಟನೊಬ್ಬ ಮೇಲೆ ಬರಬೇಕಾದರೆ ಮೊದಲು ಬೇಕಾಗುವುದು ಪ್ರತಿಭೆಯಲ್ಲ, ಮತ್ತೊಬ್ಬ ನಟನ ಅನಾರೋಗ್ಯ ಎಂದು ನಮ್ಮ ಮೇಷ್ಟ್ರು ಹಾಸನದ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕುಳಿತು ತೀರ್ಪು ಕೊಟ್ಟರು. ಹಿಂದಿನ ರಾತ್ರಿಯಷ್ಟೇ ಹಳೆಯ ಚಿತ್ರವೊಂದರಲ್ಲಿ ಮುಖ್ಯಮಂತ್ರಿ ಚಂದ್ರು ಅವರನ್ನು ನೋಡಿ ತಲೆದೂಗಿದ್ದ ಗೌಡರಿಗೆ ಇದನ್ನು ಸಹಿಸಲಾಗಲಿಲ್ಲ.

“ಅಲ್ಲ ಮೇಷ್ಟ್ರೇ, ಆ ಕಂಠಕ್ಕೆ ಬೆಲೆಯೇ ಇಲ್ಲವೇ?”

“ಕಂಠ ಮೊದಲಿನಿಂದಲೂ ಇತ್ತು ಗೌಡರೇ, ಇಲ್ಲದಿದ್ದದ್ದು ಖಾಲಿ ಕುರ್ಚಿ. 1980ರಲ್ಲಿ ಬೆಂಗಳೂರಿನ ಕಲಾಗಂಗೋತ್ರಿ ತಂಡದವರು ಬಿ.ವಿ. ರಾಜಾರಾಂ ಅವರ ನಿರ್ದೇಶನದಲ್ಲಿ ‘ಮುಖ್ಯಮಂತ್ರಿ’ ನಾಟಕವನ್ನು ಕೈಗೆತ್ತಿಕೊಂಡಾಗ, ಅದನ್ನು ಹಿಂದಿಯಿಂದ ಕನ್ನಡಕ್ಕೆ ತಂದಿದ್ದ ಟಿ.ಎಸ್. ಲೋಹಿತಾಶ್ವ ಅವರೇ ಮುಖ್ಯಮಂತ್ರಿಯ ಪಾತ್ರವನ್ನೂ ಮಾಡಬೇಕಾಗಿತ್ತು. ಅವರ ಆರೋಗ್ಯ ಕೈಕೊಟ್ಟಿತು. ಇನ್ನೂ ಮೂವತ್ತು ತುಂಬದ ಚಂದ್ರಶೇಖರ್ ಎಂಬ ಯುವಕನ ತಲೆಗೆ ಆ ಪಾತ್ರ ಬಂದು ಬಿತ್ತು.”

“ಕಷ್ಟಪಟ್ಟು ಅನುವಾದ ಮಾಡಿದವರು ಒಬ್ಬರು, ಅಧಿಕಾರ ಸ್ವೀಕರಿಸಿದವರು ಇನ್ನೊಬ್ಬರು! ನೀವು ಹೇಳುತ್ತಿರುವುದು ರಂಗಭೂಮಿಯ ಕಥೆಯೋ, ವಿಧಾನಸೌಧದ್ದೋ?” ಎಂದು ಕಾಫಿಪುಡಿ ಅಂಗಡಿಯ ಯಜಮಾನರು ಕೇಳಿದರು.

ಗೌಡರು ಈ ನಡುವೆ ಬೇರೊಂದು ಲೆಕ್ಕದಲ್ಲಿ ಮುಳುಗಿದ್ದರು. ನಮ್ಮ ಹಾಸನ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ನಟನಿಗೆ ಸಂಭಾವನೆ ಕೊಡುವುದಿಲ್ಲ, ನಟನೇ ಪಾತ್ರಕ್ಕೆ ಹಣ ಕಟ್ಟುತ್ತಾನೆ ಎಂಬುದನ್ನು ಹೊರಗಿನವರು ಸುಲಭವಾಗಿ ನಂಬುವುದಿಲ್ಲ. ‘ಕುರುಕ್ಷೇತ್ರ’ದಲ್ಲಿ ಕೃಷ್ಣನಿಗೂ ದುರ್ಯೋಧನನಿಗೂ ದರ ಹೆಚ್ಚು, ಸೈನಿಕನಿಗೆ ಕಡಿಮೆ. ಸೀನರಿಯವರಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಕೊಡುವುದು ಈ ಹಣದಿಂದಲೇ. ಹಾಸನಾಂಬ ಕಲಾಕ್ಷೇತ್ರದಲ್ಲಿ ಒಮ್ಮೆ ಶಕುನಿಯಾಗುವುದಕ್ಕೆ ಗೌಡರು ಒಂದು ಹಸುವನ್ನೇ ಮಾರಿದರೆಂಬುದು ಅವರ ಮನೆಯವರ ಆರೋಪ. ಹಸು ಮುದಿಯಾಗಿತ್ತು ಎಂಬುದು ಗೌಡರ ಸಮರ್ಥನೆ.

“ಮೇಷ್ಟ್ರೇ, ನಿಮ್ಮ ಸಿದ್ಧಾಂತ ನಮ್ಮ ಕಡೆ ನಡೆಯುವುದಿಲ್ಲ. ದುಡ್ಡು ಕಟ್ಟಿದ ದುರ್ಯೋಧನ ಕೈಯಲ್ಲಿ ಗ್ಲೂಕೋಸ್ ಬಾಟಲಿ ಹಿಡಿದುಕೊಂಡಾದರೂ ರಂಗಕ್ಕೆ ಬರುತ್ತಾನೆಯೇ ಹೊರತು, ಗದೆಯನ್ನು ಇನ್ನೊಬ್ಬನ ಕೈಗೆ ಕೊಡುವುದಿಲ್ಲ. ನಮ್ಮಲ್ಲಿ ಬದಲಿ ನಟ ಬದಲಿಯಾಗಿಯೇ ಮುದುಕನಾಗುತ್ತಾನೆ.”

ಇದಕ್ಕೆ ಮೇಷ್ಟ್ರಲ್ಲಿಯೂ ಉತ್ತರವಿರಲಿಲ್ಲ. ಆದರೆ ಆಕಸ್ಮಿಕವಾಗಿ ಸಿಕ್ಕ ಕುರ್ಚಿಯಲ್ಲಿ ಒಂದು ಸಂಜೆ ಕುಳಿತೇಳುವುದು ಬೇರೆ, ನಾಲ್ಕು ದಶಕಗಳನ್ನು ಮೀರಿ ನೂರಾರು ಪ್ರದರ್ಶನಗಳಲ್ಲಿ ಅದೇ ಕುರ್ಚಿಯನ್ನು ಉಳಿಸಿಕೊಳ್ಳುವುದು ಬೇರೆ ಎಂದು ನನಗನ್ನಿಸುತ್ತದೆ. ನಾಟಕದ ಆ ಮುಖ್ಯಮಂತ್ರಿಯ ಹೆಸರು ಕೃಷ್ಣ ದ್ವೈಪಾಯನ ಕೌಶಲ್ ಎಂಬುದು ಇಂದು ಎಷ್ಟು ಮಂದಿಗೆ ನೆನಪಿದೆ? ಪಾತ್ರದ ಹೆಸರು ಕರಗಿ ಹುದ್ದೆಯೊಂದೇ ಉಳಿಯಿತು, ಅದೂ ನಟನ ಹೆಸರಿಗೆ ಅಂಟಿಕೊಂಡು.

ಅಷ್ಟು ಹೊತ್ತೂ ಸುಮ್ಮನಿದ್ದ, ನಿವೃತ್ತರಾದರೂ ಸೇವಾ ನಿಯಮಗಳನ್ನು ಮರೆಯದ ಬ್ಯಾಂಕಿನವರು ಈಗ ಗಂಟಲು ಸರಿಪಡಿಸಿಕೊಂಡರು. “ನನಗೆ ಅರ್ಥವಾಗದಿರುವುದು ಈ ಬಡ್ತಿಯ ಕ್ರಮ. ಎಲ್ಲರೂ ಮೊದಲು ಶಾಸಕರಾಗಿ, ಆಮೇಲೆ ಮಂತ್ರಿಯಾಗಿ, ಅದೃಷ್ಟವಿದ್ದರೆ ಮುಖ್ಯಮಂತ್ರಿಯಾಗುತ್ತಾರೆ. ಇವರು 1980ರಲ್ಲಿ ಮುಖ್ಯಮಂತ್ರಿಯಾಗಿ, 1983ರಲ್ಲಿ ‘ಚಕ್ರವ್ಯೂಹ’ ಚಿತ್ರದಲ್ಲಿ ಖಳ ರಾಜಕಾರಣಿಯಾಗಿ, 1985ರಲ್ಲಿ ಗೌರಿಬಿದನೂರಿನಿಂದ ನಿಜವಾಗಿಯೂ ಶಾಸಕರಾದರು. ನಮ್ಮ ಬ್ಯಾಂಕಿನಲ್ಲಿ ಇದಕ್ಕೆ ಹಿಂಬಡ್ತಿ ಎನ್ನುತ್ತಿದ್ದರು. ಆಪಾದನಾ ಪತ್ರವಿಲ್ಲದೆ ಅದನ್ನು ಕೊಡುವಂತಿರಲಿಲ್ಲ.”

“ಪಾಪ, ಆ ಕಾಲದ ಹವ್ಯಾಸಿ ನಟರಿಗೆ ಇನ್ನೇನು ದಾರಿ?” ಎಂದರು ಮೇಷ್ಟ್ರು. “ಹಗಲು ಕಚೇರಿಯ ಕಡತ, ಸಂಜೆ ರಂಗತಾಲೀಮು. ನಾಟಕವೊಂದೇ ಅನ್ನ ಹಾಕುವ ಕಾಲ ಅದಾಗಿರಲಿಲ್ಲ. ದೂರದರ್ಶನ ಬಂದ ಮೇಲೆ ತಾನೇ ಅವರ ಮುಖ ನಮ್ಮಂಥ ಊರಿನವರಿಗೆ ಪರಿಚಯವಾದದ್ದು?”

ದೂರದರ್ಶನದ ಮಾತು ಬಂದೊಡನೆ ಕಾಫಿಪುಡಿಯವರು ಇನ್ನೊಬ್ಬ ಚಂದ್ರುವನ್ನು ಎಳೆದು ತಂದರು. ಎಂಬತ್ತರ ದಶಕದಲ್ಲಿ ಪ್ರಸಾರವಾದ ‘ಸಿಹಿ ಕಹಿ’ ಎಂಬ ಹಾಸ್ಯ ಧಾರಾವಾಹಿ ಅದರ ನಟ ಚಂದ್ರು ಅವರಿಗೂ ನಟಿ ಗೀತಾ ಅವರಿಗೂ ಒಂದೇ ಬಿರುದನ್ನು ಕೊಟ್ಟಿತು. ಮುಂದೆ ಅವರಿಬ್ಬರೂ ಮದುವೆಯಾದರು. “ಮದುವೆಗೆ ಮೊದಲೇ ಗಂಡು ಹೆಣ್ಣಿಗೆ ಒಂದೇ ಮನೆತನದ ಹೆಸರು ಇಟ್ಟ ಧಾರಾವಾಹಿ ಪ್ರಪಂಚದಲ್ಲಿ ಇನ್ನೊಂದಿಲ್ಲ” ಎಂಬ ಅವರ ಘೋಷಣೆಯನ್ನು ಪರಿಶೀಲಿಸುವ ಗೋಜಿಗೆ ನಾವು ಯಾರೂ ಹೋಗಲಿಲ್ಲ. ರಂಗದ ಮೇಲೆ ಹೆಸರು ಮಾಡಲು ಊರೂರು ತಿರುಗಬೇಕು, ಕಿರುತೆರೆಯಲ್ಲಿ ನಟನೇ ಪ್ರತಿ ವಾರ ನಮ್ಮ ನಡುಮನೆಗೆ ಬರುತ್ತಾನೆ. ಹೀಗಾಗಿ ಅಲ್ಲಿ ಬಿರುದು ಬೇಗ ಅಂಟುತ್ತದೆ, ಬಿಡಿಸಿದರೂ ಬರುವುದಿಲ್ಲ. ಅದೇ ಚಂದ್ರು ಆಮೇಲೆ ‘ಪಾಪ ಪಾಂಡು’ ನಿರ್ದೇಶಿಸಿದರು, ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದರು.

“ಅವರ ಬಿರುದು ಅಡುಗೆಮನೆಗೆ ಹೇಳಿ ಮಾಡಿಸಿದಂತಿದೆ. ಸದ್ಯ, ವಾಹಿನಿಯವರು ಆ ಸೌಟನ್ನು ಮುಖ್ಯಮಂತ್ರಿಗಳಿಗೆ ಕೊಡಲಿಲ್ಲ” ಎಂದು ಬ್ಯಾಂಕಿನವರು ಕೊಡೆ ಎತ್ತಿಕೊಂಡು ಎದ್ದರು. “ಕೊಟ್ಟಿದ್ದರೆ ಒಗ್ಗರಣೆ ಕೂಡ ಸಂಪುಟ ವಿಸ್ತರಣೆಯ ಹಾಗೆ ಆಷಾಢ ಕಳೆಯಲಿ ಎಂದು ಮುಂದಕ್ಕೆ ಹೋಗುತ್ತಿತ್ತು.”