ಕೋಟೆ ಮ್ಯಾಪ್‌ನಲ್ಲಿ ಟ್ಯಾಂಕ್ ಹತ್ತಿದವನೇ ರಾಜ, ಏನು ಮಾಡೋದು?

ದಾವಣಗೆರೆಯಿಂದ ಕೇಳಿದ್ದು

ಅಣ್ಣಂದಿರೇ, ಅಕ್ಕಂದಿರೇ, ಸ್ವಲ್ಪ ದಾರಿ ತೋರಿಸಿ. ನಾವು ನಾಲ್ಕು ಜನ ಸೇರಿ ಅನ್‌ರಿಯಲ್ ಎಂಜಿನ್ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ಶೂಟರ್, ಅಂದರೆ ಗುಂಡು ಹಾರಿಸುವ ಗೇಮ್, ಮಾಡುತ್ತಿದ್ದೇವೆ. ಎರಡು ತಂಡ, ತಂಡಕ್ಕೆ ಎಂಟು ಜನ. ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಚಿತ್ರದುರ್ಗದ ಕೋಟೆ, ಅದರ ಮುಂದೆ ನಾವೇ ಹಾಕಿದ ಒಂದು ಬಯಲು. ತಂಡಕ್ಕೊಂದು ಟ್ಯಾಂಕ್, ಎರಡು ಜೀಪ್. ಭಾನುವಾರ ಆಡಿಸಿ ನೋಡಿದರೆ ಟ್ಯಾಂಕ್ ಹತ್ತಿದವನೇ ರಾಜ. ಉಳಿದವರದ್ದು ಹುಟ್ಟೋದು, ಓಡೋದು, ಸಾಯೋದು ಅಷ್ಟೇ. ಅರ್ಧ ಗಂಟೆಗೆ ಇಬ್ಬರು ಮಂಡಕ್ಕಿ ಮಿರ್ಚಿ ತಿಂತೀವಿ ಅಂತ ಎದ್ದು ಹೋದರು. ಟ್ಯಾಂಕಿನ ಹೆಲ್ತ್, ಅಂದರೆ ಅದು ಎಷ್ಟು ಏಟು ತಡೆಯುತ್ತದೆ ಅನ್ನೋದನ್ನು, ಅರ್ಧಕ್ಕೆ ಇಳಿಸಿದೆ. ಈಗ ಅದನ್ನು ಯಾರೂ ಮುಟ್ಟುತ್ತಿಲ್ಲ! ನಿಮಗೂ ಹೀಗೆ ಆಗಿತ್ತಾ?

ಚಿತ್ರದುರ್ಗದಿಂದ ಒಬ್ಬರು

ತಮ್ಮಾ, ಹೆಲ್ತ್ ಮೊದಲಿದ್ದಷ್ಟೇ ಇಡು. ನೆಲ ಸರಿಮಾಡು. ನನ್ನ ಮೊದಲ ಮ್ಯಾಪ್‌ನಲ್ಲೂ ಇದೇ ಕಥೆ. ಟ್ಯಾಂಕ್ ಹುಟ್ಟುವ ಜಾಗದಿಂದ ತಂಡಗಳು ವಶಪಡಿಸಿಕೊಳ್ಳಬೇಕಾದ ಬಾವುಟದವರೆಗೆ ಮುನ್ನೂರು ಮೀಟರ್ ನೇರ ರಸ್ತೆ ಎಳೆದಿದ್ದೆ. ಓಡಿಸುವವನು ಇದ್ದಲ್ಲೇ ಕೂತು ಎಲ್ಲರನ್ನೂ ಹೊಡೆಯುತ್ತಿದ್ದ. ಟ್ಯಾಂಕಿನ ಶಕ್ತಿ ಇರುವುದು ದೂರದಲ್ಲಿ. ಹತ್ತಿರ ಎಳೆದುಕೊಂಡರೆ ಅದು ಅರ್ಧ ಕುರುಡು.

ನೀನು ಕೋಟೆಯನ್ನು ಫೋಟೋ ನೋಡಿ ಮಾಡಿರಬೇಕು, ಅಲ್ವಾ? ಒಂದು ದಿನ ಬಂದು ಹತ್ತು. ದುರ್ಗದ್ದು ಏಳು ಸುತ್ತಿನ ಕೋಟೆ. ಬಾಗಿಲು ದಾಟಿದ ಕೂಡಲೇ ದಾರಿ ತಿರುಗುತ್ತದೆ, ಎರಡೂ ಕಡೆ ಎತ್ತರದ ಗೋಡೆ, ಮುಂದಿನ ಬಾಗಿಲು ಕಣ್ಣಿಗೆ ಬೀಳುವುದಿಲ್ಲ. ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹೀಗೆ ಅಂತ ಗೈಡ್‌ಗಳು ಹೇಳುತ್ತಾರೆ. ಆಗಿನ ಕಾಲದ ಟ್ಯಾಂಕ್ ಅದೇ ತಾನೆ! ನಿನ್ನ ಮ್ಯಾಪ್‌ನಲ್ಲಿ ಆ ತಿರುವನ್ನು ನೆಟ್ಟಗೆ ಮಾಡಿಬಿಟ್ಟಿದ್ದರೆ ರೋಗ ಅಲ್ಲೇ ಇದೆ.

ಬಯಲಿಗೆ ಒಂದು ಲೆಕ್ಕ. ನೀನು ಬದಲಾಯಿಸಿಲ್ಲ ಅಂದರೆ ಅನ್‌ರಿಯಲ್‌ನಲ್ಲಿ ನಡೆಯುವವನ ವೇಗ ಸೆಕೆಂಡಿಗೆ 600 ಸೆಂಟಿಮೀಟರ್, ಅಂದರೆ 6 ಮೀಟರ್. ಒಂದು ಮರೆಯಿಂದ ಇನ್ನೊಂದು ಮರೆಗೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಓಡಿಸಬೇಡ. 24 ಮೀಟರಿಗೆ ಒಂದು ಬಂಡೆ ಇಡು. ಬಂಡೆಗೆ ದುರ್ಗದಲ್ಲಿ ಬರವೇ? ಟ್ಯಾಂಕಿನ ನಳಿಗೆ ಎಷ್ಟು ಮೇಲಕ್ಕೆ ಏಳಬಹುದು ಅನ್ನುವುದಕ್ಕೂ ಮಿತಿ ಹಾಕು. ಆಗ ಬುಡಕ್ಕೆ ಬಂದ ಟ್ಯಾಂಕಿಗೆ ಬಂಡೆ ಮೇಲೆ ನಿಂತವನು ಸಿಗುವುದಿಲ್ಲ.

ಇನ್ನು ಕಿಂಡಿ. ಕಾಲಾಳು ಮಾತ್ರ ನುಸುಳುವ ದಾರಿ ಬೇಕೇ ಬೇಕು, ಆದರೆ ಒಂದೇ ಇಡಬೇಡ. ಒಂದೇ ಇದ್ದರೆ ಏನಾಗುತ್ತದೆ ಅಂತ ಹೈದರಾಲಿಯ ಸೈನಿಕರನ್ನು ಕೇಳಬೇಕು. ಒಬ್ಬ ಓಬವ್ವ, ಒಂದು ಒನಕೆ ಸಾಕಾಯಿತು. ನಿನ್ನ ಆಟದಲ್ಲಿ ಶಾಟ್‌ಗನ್ ಹಿಡಿದವನೊಬ್ಬ ಅಲ್ಲಿ ಕೂತರೆ ಮುಗಿಯಿತು.

ಇನ್ನೊಬ್ಬರು

ಮೇಲಿನ ಅಣ್ಣ ಹೇಳಿದ್ದು ಸರಿ. ಬ್ಯಾಟಲ್‌ಫೀಲ್ಡ್ 2042 ಗೇಮ್ ನೆನಪಿದೆಯಾ? 2021ರಲ್ಲಿ ಬಂದಾಗ 128 ಜನ ಆಡುವಷ್ಟು ದೊಡ್ಡ ಮ್ಯಾಪ್. ಓಡೀ ಓಡೀ ಸಾಕಾಗುತ್ತಿತ್ತು, ಮರೆ ಇಲ್ಲ ಅಂತ ಎಲ್ಲರೂ ಬೈದರು. ಆಮೇಲೆ ಮಾಡಿದವರೇ ಮ್ಯಾಪ್‌ಗಳನ್ನು ತಿದ್ದಿ ಮರೆ ಸೇರಿಸಿದರು. 2004ರ ಹ್ಯಾಲೋ 2 ಬೇರೆ ದಾರಿ ಹಿಡಿದಿತ್ತು. ನಡೆಯುವವನು ವಾಹನದ ಮೇಲೆ ಜಿಗಿದು ಓಡಿಸುವವನನ್ನೇ ಎಳೆದು ಬಿಸಾಕಬಹುದಿತ್ತು. ಆಗ ಕಾಲಾಳಿಗೆ ಹತ್ತಿರ ಹೋಗುವ ಆಸೆ ಹುಟ್ಟುತ್ತದೆ.

ದಾವಣಗೆರೆಯ ಒಬ್ಬ ಅಕ್ಕ

ಸುಮ್ನೆ ಬಂಡೆ ಸುರಿಯಬೇಡಪ್ಪ. ನಾವು ಹಾಗೆ ಮಾಡಿ ಕೈ ಸುಟ್ಟುಕೊಂಡೆವು. ಜೀಪ್ ತಿರುಗಿಸೋಕೆ ಜಾಗ ಇಲ್ಲ, ಹಿಂದೆ ಮುಂದೆ ಹಿಂದೆ ಮುಂದೆ, ಸಂತೆ ದಿನದ ಪೇಟೆ ಬೀದಿ ಥರ. ವಾಹನಕ್ಕೂ ಅದರದ್ದೇ ಒಂದು ಕೆಲಸ ಕೊಡು. ನಾವು ಬಯಲಿನ ಸುತ್ತ ಅಗಲವಾದ ರಸ್ತೆ ಹಾಕಿ, ಒಂದು ಬಾವುಟ ಅಲ್ಲಿಟ್ಟೆವು. ಇನ್ನೆರಡು ಗೋಡೆ ಒಳಗೆ. ಟ್ಯಾಂಕ್ ಹೊರಗಿನದ್ದನ್ನು ಕಾಯಲಿ, ಒಳಗಿನದ್ದಕ್ಕೆ ಇಳಿದು ನಡೆಯಲೇಬೇಕು. ರಾಕೆಟ್ ಲಾಂಚರ್ ಟ್ಯಾಂಕ್ ಪಕ್ಕದಲ್ಲೇ ಇಡಬೇಡ, ಎರಡೂ ಒಬ್ಬನಿಗೇ ಸಿಗುತ್ತವೆ. ಟ್ಯಾಂಕಿನ ಚೈನಿನ ಸದ್ದು ಮೊದಲೇ ಕೇಳಿಸಲಿ. ಸದ್ದಿಲ್ಲದೆ ಬಂದು ಹೊಡೆದರೆ ಆಡುವವನಿಗೆ ಅದು ಮೋಸ ಅನಿಸುತ್ತದೆ.

ಮತ್ತೆ ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ಹೆಲ್ತ್ ಮೊದಲಿನಷ್ಟೇ ಇಟ್ಟೆ. ಎರಡನೇ ಬಾಗಿಲಿನ ಹತ್ತಿರ ತಿರುವು ಹಾಕಿದೆ, ಎರಡು ಕಿಂಡಿ ಕೊರೆದೆ, ಅಷ್ಟೇ. ನಿನ್ನೆ ರಾತ್ರಿ ಆಡಿಸಿದೆವು. ಟ್ಯಾಂಕ್ ಹತ್ತಿದವನು ತಿರುವಿನಲ್ಲಿ ನಿಲ್ಲಿಸಿಕೊಂಡು, "ಯಾರಾದ್ರೂ ಮುಂದೆ ಹೋಗಿ ನೋಡ್ರೋ, ನಂಗೇನೂ ಕಾಣ್ತಿಲ್ಲ" ಅಂತ ಕೂಗುತ್ತಿದ್ದ. ಮಿರ್ಚಿ ತಂದವರೂ ಪೊಟ್ಟಣ ಬಿಚ್ಚದೆ ಆಡಿದರು.

ಈಗ ಹೊಸ ತಲೆನೋವು. ಒಬ್ಬ ದೊಡ್ಡ ಬಂಡೆ ಮೇಲೆ ರಾಕೆಟ್ ಹಿಡಿದು ಕೂತರೆ ಇಳಿಯೋದೇ ಇಲ್ಲ. ಅಣ್ಣಾ, ಇದಕ್ಕೇನು ಮಾಡಲಿ?